ಗೋಕಾಕದ ಘೇಂಡಾಮೃಗಕ್ಕೆ ಎಷ್ಟುದ್ದ ಕೊಂಬು? ಪಳೆಯುಳಿಕೆ ನೋಡಿ ಪ್ರಾಣಿ ಬಿಡಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯಲ್ಲಿ ಚಿತ್ರಕಲೆ ಕಲಿಸುವವನು. ಊರು ಗೋಕಾಕದ ಕಡೆ. ಭಾನುವಾರ ಮುಂಜಾನೆ ನಮ್ಮ ಮನೆ ಮಾಳಿಗೆ ಮೇಲೆ ಹತ್ತು ಹನ್ನೆರಡು ಮಕ್ಕಳು ಸೇರುತ್ತಾರೆ. ಈಗ ಭೂಮಿ ಮೇಲೆ ಎಲ್ಲೂ ಇಲ್ಲದ ಪ್ರಾಣಿಗಳನ್ನು ಬಿಡಿಸುತ್ತೇವೆ. ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ಬಾಗಿಲಲ್ಲೇ ನಿಂತು ಕೇಳುವ ಪ್ರಶ್ನೆಗಳು ವರ್ಷವೆಲ್ಲ ಹೆಚ್ಚುಕಡಿಮೆ ಅವೇ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಇದು ಸುಮ್ನೆ ಡೈನೋಸಾರ್ ಚಿತ್ರ ಬಿಡಿಸೋದು ಅಲ್ವಾ? ಅದಕ್ಕೆ ಕ್ಲಾಸ್ ಯಾಕೆ?

ಡೈನೋಸಾರ್ ಚಿತ್ರ ಯಾರು ಬೇಕಾದರೂ ಬಿಡಿಸಬಹುದು. "ಯಾಕೆ ಹೀಗೆ ಬಿಡಿಸಿದೆ?" ಅಂತ ಕೇಳಿದಾಗ ಉತ್ತರ ಕೊಡೋದು ಕಷ್ಟ. ಪಳೆಯುಳಿಕೆ ನೋಡಿ, ಅಳತೆ ಹಿಡಿದು, ಅಳಿದುಹೋದ ಪ್ರಾಣಿಯನ್ನೂ ಅದು ಬದುಕಿದ್ದ ಜಾಗವನ್ನೂ ಚಿತ್ರಕ್ಕೆ ತರುವ ಕೆಲಸಕ್ಕೆ ಪೇಲಿಯೋಆರ್ಟ್ ಅನ್ನುತ್ತಾರೆ. ಅಮೆರಿಕದ ಕಲಾವಿದ ಮಾರ್ಕ್ ಹ್ಯಾಲೆಟ್ 1987ರಲ್ಲಿ ಇಟ್ಟ ಹೆಸರು ಅದು. ಕೆಲಸ ಮಾತ್ರ ಹೆಸರಿಗಿಂತ ತುಂಬಾ ಹಳೆಯದು. 1830ರಲ್ಲೇ ಇಂಗ್ಲೆಂಡಿನ ಭೂವಿಜ್ಞಾನಿ ಹೆನ್ರಿ ಡಿ ಲಾ ಬೀಚ್ ಒಂದು ಪುರಾತನ ಸಮುದ್ರವನ್ನೇ ಬಿಡಿಸಿದ. ಅದಕ್ಕೆ ಆಧಾರವಾದ ಮೂಳೆಗಳನ್ನು ಕಡಲ ದಂಡೆಯ ಬಂಡೆಗಳಲ್ಲಿ ಹುಡುಕಿದವಳು ಮೇರಿ ಆ್ಯನಿಂಗ್. ಆಕೆಗೆ ದುಡ್ಡಿನ ತಾಪತ್ರಯ ಇತ್ತು. ಆ ಚಿತ್ರದ ಪ್ರತಿಗಳನ್ನು ಮಾರಿ ಬಂದ ದುಡ್ಡನ್ನು ಆಕೆಗೇ ಕೊಟ್ಟರು. ಈ ಕಸುಬಿನ ಶುರುವಾತು ಹಾಗೆ ಒಂದು ಸಾಲ ತೀರಿಸಿದಂತೆ ಆಯಿತು.

ನನ್ನ ಕ್ಲಾಸಿನಲ್ಲಿ ಒಂದೇ ಕಾನೂನು: ಮೂರು ಪೆನ್ಸಿಲ್. ಮೂಳೆಯಿಂದ ಗೊತ್ತಾದ ಗೆರೆ ಕಪ್ಪು. ಇವತ್ತು ಬದುಕಿರುವ ನೆಂಟ ಪ್ರಾಣಿಯಿಂದ ಕಡ ತಂದ ಗೆರೆ ನೀಲಿ. ನಾವೇ ಊಹಿಸಿದ್ದು ಕೆಂಪು. ಮೊದಲ ದಿನ ಎಲ್ಲರ ಹಾಳೆಯೂ ಕೆಂಪು ಕೆಂಪು. ಕೆಂಪು ಇರಬಾರದು ಅಂತ ನಾನು ಹೇಳುವುದಿಲ್ಲ. ಯಾವುದು ಕೆಂಪು ಅಂತ ಬಿಡಿಸಿದವರಿಗೆ ಗೊತ್ತಿರಬೇಕು, ಅಷ್ಟೇ.

ನಮ್ಮ ಕಡೆ ಡೈನೋಸಾರ್ ಇದ್ದವಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಓಡಾಡಿರಬಹುದು. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ನಮ್ಮ ಮೂರು ಜಿಲ್ಲೆಗಳ ಕಲ್ಲು ಅವುಗಳ ಮೂಳೆ ಕಾದಿಡುವಂಥ ಕಲ್ಲಲ್ಲ. ಮೂಳೆ ಉಳಿಯಬೇಕಾದರೆ ಸರಿಯಾದ ಕಾಲದ, ಸರಿಯಾದ ಜಾತಿಯ ಕಲ್ಲು ಬೇಕು. ಹೊಳೆಯೋ ಕೆರೆಯೋ ತಂದು ಹಾಕಿದ ಕೆಸರು, ಮರಳು ಗಟ್ಟಿಯಾದ ಕಲ್ಲು.

ಬಾದಾಮಿಯ ಕೆಂಪು ಮರಳುಗಲ್ಲು ಅಂಥದ್ದೇ. ಆದರೆ ಅದು ತೀರಾ ಹಳೆಯದು. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಬಾದಾಮಿ ಕಲ್ಲಾದಾಗ ಡೈನೋಸಾರ್ ಇರಲಿ, ಕಾಲಿರುವ ಒಂದು ಪ್ರಾಣಿಯೂ ಹುಟ್ಟಿರಲಿಲ್ಲ. ಕಲಾದಗಿ, ಲೋಕಾಪುರ ಕಡೆಯ ಸುಣ್ಣದ ಕಲ್ಲು ಅದಕ್ಕಿಂತಲೂ ಹಳೆಯದು.

ಇನ್ನೊಂದು ಕಡೆ ವಿಜಯಪುರದ ಕಪ್ಪು ಕಲ್ಲು. ಅದು ಲಾವಾ. ಸುಮಾರು 6.6 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳ ಕೊನೆಗಾಲದಲ್ಲಿ ಹರಿದದ್ದು. ಕಾಲ ಸರಿಯಾಗಿದೆ, ಜಾತಿ ಸರಿಯಿಲ್ಲ. ಕುದಿಯುವ ಲಾವಾದಲ್ಲಿ ಮೂಳೆ ಉಳಿಯುತ್ತದಾ? ಗೋಳಗುಮ್ಮಟ ಕಟ್ಟಿದ್ದು ಇದೇ ಕಪ್ಪು ಕಲ್ಲಿನಿಂದ. ಮುಂದಿನ ಸಲ ಹೋದಾಗ ಗೋಡೆ ಮುಟ್ಟಿ ನೋಡಿ. ಕೊನೆಯ ಡೈನೋಸಾರ್‌ಗಳು ಬದುಕಿದ್ದ ಕಾಲದ ಆಸುಪಾಸಿನಲ್ಲಿ ಆ ಕಲ್ಲು ಕೆಂಡವಾಗಿತ್ತು.

ಇದೇ ಲಾವಾ ಪದರಗಳ ಕೆಳಗೆ ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತಿನಲ್ಲಿ ಲಮೇಟಾ ಎಂಬ ಕೆಸರಿನ ಪದರ ಇದೆ. ಅಲ್ಲಿ ಡೈನೋಸಾರ್ ಮೂಳೆ, ಮೊಟ್ಟೆ ರಾಶಿ ರಾಶಿ ಸಿಕ್ಕಿವೆ. ರಾಜಾಸಾರಸ್ ಎಂಬ ಮಾಂಸ ತಿನ್ನುವ ಡೈನೋಸಾರ್ ಗುಜರಾತಿನದು. ಹೆಸರಿಟ್ಟದ್ದು 2003ರಲ್ಲಿ. ಡೈನೋಸಾರೇ ಬೇಕು ಅನ್ನುವ ಮಕ್ಕಳಿಗೆ ನಾನು ಟಿ. ರೆಕ್ಸ್ ಬದಲು ಇದನ್ನು ಕೊಡುತ್ತೇನೆ.

ಹಾಗಾದ್ರೆ ನಮ್ಮದೇ ಅನ್ನುವ ಪ್ರಾಣಿ ಯಾವುದು?

ಘೇಂಡಾಮೃಗ. ಹೌದು, ಗೋಕಾಕದ್ದು!

ರಾಬರ್ಟ್ ಬ್ರೂಸ್ ಫೂಟ್ ಅಂತ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಅಧಿಕಾರಿ ಇದ್ದರು. 1863ರಲ್ಲಿ ಮದ್ರಾಸಿನ ಪಲ್ಲಾವರಂ ಹತ್ತಿರ ಹಳೆ ಶಿಲಾಯುಗದ ಕಲ್ಲಿನ ಆಯುಧ ಗುರುತಿಸಿದವರು ಅವರೇ. ಆಮೇಲೆ ನಮ್ಮ ಕಡೆಯ ನೆಲದ ಸರ್ವೆ ಮಾಡುತ್ತಾ ಬಂದರು. ಗೋಕಾಕದ ಹತ್ತಿರ ಘಟಪ್ರಭೆಯ ಬಯಲಲ್ಲಿ ಅವರಿಗೆ ಘೇಂಡಾಮೃಗದ ಹಲ್ಲು, ದವಡೆ ಸಿಕ್ಕವು. ಇದು ಹೊಸ ಜಾತಿ ಎಂದು 1874ರಲ್ಲಿ ಅದಕ್ಕೆ ರೈನೋಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು. ದಖ್ಖನ್ನಿನ ಘೇಂಡಾಮೃಗ ಅಂತ ಅರ್ಥ.

ನಾನು ಚಿಕ್ಕವನಿದ್ದಾಗ ಇದನ್ನು ಯಾರೂ ಹೇಳಿಕೊಡಲಿಲ್ಲ. ಗೋಕಾಕ ಅಂದರೆ ಫಾಲ್ಸ್, ಮಿಲ್ಲು, ಕರದಂಟು. ಈಗ ಕಬ್ಬು ನಿಂತಿರುವ ಬಯಲಲ್ಲಿ ಒಂದು ಕಾಲಕ್ಕೆ ಘೇಂಡಾಮೃಗ ಕೆಸರಲ್ಲಿ ಹೊರಳಾಡುತ್ತಿತ್ತು ಅಂತ ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಟಿ. ರೆಕ್ಸ್ ಬಿಡಿಸುವವರು ಲೋಕದ ತುಂಬ ಇದ್ದಾರೆ. ಇದನ್ನು ನಾವಲ್ಲದೆ ಯಾರು ಬಿಡಿಸಬೇಕು?

ಬರೀ ಹಲ್ಲು, ದವಡೆಯಿಂದ ಇಡೀ ಪ್ರಾಣಿ ಹೇಗೆ ಬಿಡಿಸ್ತೀರಿ?

ಹಲ್ಲು ತುಂಬ ಮಾತಾಡುತ್ತದೆ. ಸಸ್ತನಿ ಪ್ರಾಣಿಗಳಲ್ಲಂತೂ ಅದು ಆಧಾರ್ ಕಾರ್ಡ್ ಇದ್ದ ಹಾಗೆ. ಯಾವ ಕುಟುಂಬ, ವಯಸ್ಸಾಗಿತ್ತಾ, ಹುಲ್ಲು ಮೇಯುತ್ತಿತ್ತಾ ಇಲ್ಲ ಸೊಪ್ಪು ಕೀಳುತ್ತಿತ್ತಾ, ಇವನ್ನೆಲ್ಲ ಅದರ ಆಕಾರ ಮತ್ತು ಸವೆತದಿಂದ ಹೇಳಬಹುದು. ಹುಲ್ಲಿನಲ್ಲಿ ಮರಳಿನಂಥ ಗಟ್ಟಿ ಕಣ ಇರುತ್ತವೆ. ಹುಲ್ಲು ತಿನ್ನುವವರ ಹಲ್ಲು ಎತ್ತರವಾಗಿ ಬೆಳೆಯುತ್ತವೆ, ಬೇಗ ಸವೆಯುತ್ತವೆ.

ದವಡೆಯಿಂದ ತಲೆಯ ಅಳತೆ ಬರುತ್ತದೆ, ತಲೆಯಿಂದ ಮೈಯ ಅಂದಾಜು. ಉಳಿದದ್ದು ನೆಂಟರಿಂದ, ಅಂದರೆ ನೀಲಿ ಪೆನ್ಸಿಲ್. ಅಸ್ಸಾಮಿನ ಒಂಟಿಕೊಂಬಿನ ಘೇಂಡಾಮೃಗದ ಫೋಟೋ ಗೋಡೆಗೆ ಅಂಟಿಸಿಕೊಂಡು ಕೂರುತ್ತೇವೆ. ಹಾಗಂತ ಅದರ ನಕಲು ಮಾಡುವುದಿಲ್ಲ. ಅದರ ಮೈಮೇಲಿನ ಗುರಾಣಿಯಂಥ ಚರ್ಮದ ಮಡಿಕೆ ಇದೆಯಲ್ಲ, ಗೋಕಾಕದ ಪ್ರಾಣಿಗೆ ಅದು ಹಾಕಿದರೆ ನೀಲಿಯಲ್ಲೇ ಹಾಕಬೇಕು. ಚರ್ಮ ಉಳಿದಿಲ್ಲ.

ಅದರ ಪಕ್ಕ ಕಲ್ಲಿನ ಕೊಡಲಿ ಹಿಡಿದ ಮನುಷ್ಯನನ್ನು ನಿಲ್ಲಿಸಬಹುದಾ?

ಆಸೆ ಎಲ್ಲರಿಗೂ ಆಗುತ್ತದೆ. ಘಟಪ್ರಭೆ ದಂಡೆಯ ಅನಗವಾಡಿ, ಮಲಪ್ರಭೆ ದಂಡೆಯ ಖ್ಯಾಡ, ಎರಡೂ ಕಡೆ ಹಳೆ ಶಿಲಾಯುಗದ ಕೈಗೊಡಲಿ ಸಿಕ್ಕಿವೆ. ಅದೇ ಹೊಳೆ, ಅದೇ ಬಯಲು. ಆದರೆ ಒಂದೇ ಹೊಳೆಯ ದಂಡೆ ಅಂದ ಮಾತ್ರಕ್ಕೆ ಒಂದೇ ಕಾಲ ಅಲ್ಲ. ದಂಡೆಯಲ್ಲಿ ಪದರದ ಮೇಲೆ ಪದರ ಇರುತ್ತದೆ. ಕೆಳಗಿನ ಪದರದ ಪ್ರಾಣಿ, ಮೇಲಿನ ಪದರದ ಮನುಷ್ಯ, ನಡುವೆ ಸಾವಿರಾರು ವರ್ಷ. ನಿಮ್ಮ ಮುತ್ತಜ್ಜನ ಮದುವೆ ಫೋಟೋದಲ್ಲಿ ನಿಮ್ಮ ಮೊಮ್ಮಗನನ್ನು ನಿಲ್ಲಿಸಿದಂತೆ ಆಗುತ್ತದೆ. ಮನುಷ್ಯ ಬೇಕೇ ಬೇಕು ಅಂದರೆ ಕೆಂಪು ಪೆನ್ಸಿಲ್ ತಗೊಳ್ಳಿ.

ಜಾಗದ ವಿಷಯವೂ ಹಾಗೇ. ಮಹಾರಾಷ್ಟ್ರದ ಪಾಟ್ಣೆಯಲ್ಲಿ ಹಳೆ ಶಿಲಾಯುಗದ ಜನ ಗೆರೆ ಕೊರೆದ ಉಷ್ಟ್ರಪಕ್ಷಿ ಮೊಟ್ಟೆಯ ಚಿಪ್ಪು ಸಿಕ್ಕಿದೆ. ಭಾರತದಲ್ಲಿ ಉಷ್ಟ್ರಪಕ್ಷಿ ಇತ್ತು ಅನ್ನುವುದಕ್ಕೆ ಅದು ಸಾಕ್ಷಿ. ಗೋಕಾಕದ ಚಿತ್ರದಲ್ಲಿ ಅದನ್ನು ತಂದು ಬಿಡಲು ಅಷ್ಟೇ ಸಾಲದು.

ಎಲ್ಲಿಂದ ಶುರು ಮಾಡಬೇಕು?

ಕೋಳಿಯಿಂದ. ಹಕ್ಕಿಗಳು ಡೈನೋಸಾರ್ ಕುಲದವೇ, ಈಗಲೂ ಬದುಕಿರುವ ಶಾಖೆ.

ಮನೆಯಲ್ಲಿ ಕೋಳಿ ತಿನ್ನುವವರಾದರೆ ಭಾನುವಾರದ ಊಟ ಮುಗಿದ ಮೇಲೆ ಕಾಲಿನ ಮೂಳೆಗಳನ್ನು ತೊಳೆದು ಸಾಲಾಗಿ ಜೋಡಿಸಿ. ತಿನ್ನದವರು ಅಂಗಳದಲ್ಲಿ ಕೋಳಿ ನಡೆಯುವುದನ್ನು ನೋಡಿದರೂ ಸಾಕು. ಕೋಳಿ ಮೊಣಕಾಲು ಹಿಂದಕ್ಕೆ ಬಾಗುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅದು ಮೊಣಕಾಲಲ್ಲ, ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ ರೆಕ್ಕೆಪುಕ್ಕದೊಳಗೆ ಅಡಗಿರುತ್ತದೆ. ಕೋಳಿ ತುದಿಗಾಲಲ್ಲೇ ನಡೆಯುವ ಪ್ರಾಣಿ. ರಾಜಾಸಾರಸ್ ಕೂಡ ಹಾಗೆಯೇ ನಡೆಯುತ್ತಿತ್ತು. ಇದೊಂದು ತಿಳಿದರೆ ನಿಮ್ಮ ಚಿತ್ರದ ಅರ್ಧ ತಪ್ಪು ಕಡಿಮೆಯಾಗುತ್ತದೆ.

ಆಮೇಲಿನ ಕೆಲಸ ಹೀಗೆ. ಮೊದಲು ಅಸ್ಥಿಪಂಜರದ ಗೆರೆಚಿತ್ರ, ಪಕ್ಕದಿಂದ ನೋಡಿದಂತೆ. ಅದರ ಮೇಲೆ ಬಟರ್ ಪೇಪರ್ ಇಟ್ಟು ಸ್ನಾಯು. ಮೂಳೆಯ ಮೇಲೆ ಸ್ನಾಯು ಅಂಟಿದ್ದ ಕಡೆ ಒರಟು ಗುರುತು ಇರುತ್ತದೆ, ಅದೇ ನಮ್ಮ ದಾರಿ. ಇನ್ನೊಂದು ಹಾಳೆಯಲ್ಲಿ ಚರ್ಮ. ಬಣ್ಣ ಕೊನೆಗೆ. ಮಕ್ಕಳು ಬಣ್ಣದಿಂದಲೇ ಶುರು ಮಾಡುತ್ತಾರೆ. ನಾನು ಬಣ್ಣದ ಡಬ್ಬಿ ಬೀಗ ಹಾಕಿ ಇಡುತ್ತೇನೆ.

ಮೂಳೆ ಮೇಲೆ ಎಷ್ಟು ಮೈ ತುಂಬಬೇಕು?

ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಹಳೆಯ ಚಿತ್ರಗಳಲ್ಲಿ ಎಷ್ಟೋ ಡೈನೋಸಾರ್‌ಗಳು ಬರಗಾಲದ ದನದಂತೆ ಕಾಣುತ್ತವೆ. ಮೂಳೆಗೆ ಚರ್ಮ ಬಿಗಿದು ಕಟ್ಟಿದ ಹಾಗೆ.

ಮುಧೋಳ ನಾಯಿಯನ್ನು ನೋಡಿ. ಅದರ ಅಸ್ಥಿಪಂಜರಕ್ಕೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಪಕ್ಕೆಲುಬು ಎಣಿಸಬಹುದು. ಈಗ ಖಿಲಾರಿ ಎತ್ತು ನೋಡಿ. ಹೆಗಲ ಮೇಲಿನ ಡುಬ್ಬ ಇದೆಯಲ್ಲ, ಅದರೊಳಗೆ ಮೂಳೆಯೇ ಇಲ್ಲ. ಬರೀ ಸ್ನಾಯು, ಕೊಬ್ಬು. ಕೊರಳ ಕೆಳಗೆ ಜೋಲುವ ಗಂಗೆದೊಗಲಿಗೂ ಮೂಳೆ ಇಲ್ಲ. ನಾಳೆ ಎತ್ತೆಂಬ ಪ್ರಾಣಿಯೇ ಇಲ್ಲದ ಕಾಲದಲ್ಲಿ ಯಾರೋ ಒಬ್ಬ ಅದರ ಮೂಳೆ ನೋಡಿ ಚಿತ್ರ ಬರೆದರೆ? ಡುಬ್ಬವಿಲ್ಲದ, ಗಂಗೆದೊಗಲಿಲ್ಲದ ಬೋಳು ಎತ್ತು. ಕಾರ ಹುಣ್ಣಿಮೆಗೆ ಶೃಂಗಾರ ಮಾಡುವವರು ಅದನ್ನು ನೋಡಿದರೆ ಅಳುತ್ತಾರೆ. ಆದರೆ ಸೂಕ್ಷ್ಮ ಇರುವವನಿಗೆ ಒಂದು ಸುಳಿವು ಸಿಗುತ್ತದೆ. ಡುಬ್ಬದ ಜಾತಿಯ ದನಗಳಲ್ಲಿ ಹೆಗಲ ಹತ್ತಿರದ ಬೆನ್ನೆಲುಬಿನ ಮುಳ್ಳುಗಳ ತುದಿ ಎರಡಾಗಿ ಸೀಳಿರುತ್ತದೆ. ಪಳೆಯುಳಿಕೆ ನೋಡುವುದು ಅಂದರೆ ಇಂಥ ಸೀಳನ್ನು ಹುಡುಕುವುದು.

ಆನೆಯದು ಇನ್ನೂ ಮಜಾ. ಆನೆ ತಲೆಬುರುಡೆಯಲ್ಲಿ ಸೊಂಡಿಲಿಗೆ ಮೂಳೆ ಇಲ್ಲ. ಹಣೆ ನಡುವೆ ಒಂದು ದೊಡ್ಡ ತೂತು, ಅದು ಮೂಗಿನದು. ಬುರುಡೆಯ ಫೋಟೋ ಕೊಟ್ಟು "ಪ್ರಾಣಿ ಬಿಡಿಸಿ" ಅಂದರೆ ಮಕ್ಕಳು ಒಕ್ಕಣ್ಣಿನ ರಾಕ್ಷಸನನ್ನು ಬಿಡಿಸುತ್ತಾರೆ. ಪ್ರತಿ ಹೊಸ ಬ್ಯಾಚಿಗೂ ಇದೇ ಮೊದಲ ಪರೀಕ್ಷೆ. ಗಣಪತಿ ಹಬ್ಬದ ಊರಿನ ಮಕ್ಕಳೇ ಸೊಂಡಿಲು ಮರೆಯುತ್ತಾರೆ!

ಅಪರೂಪಕ್ಕೆ ಮೆತ್ತನೆಯ ಭಾಗವೂ ಉಳಿದಿರುತ್ತದೆ. ಎಡ್ಮಂಟೋಸಾರಸ್ ಎಂಬ ಸೊಪ್ಪು ತಿನ್ನುವ ಡೈನೋಸಾರ್ ತಲೆ ಮೇಲೆ ಹುಂಜದ ಜುಟ್ಟಿನಂಥ ಮೂಳೆಯಿಲ್ಲದ ಜುಟ್ಟು ಇತ್ತು ಅಂತ 2013ರಲ್ಲಿ ಗೊತ್ತಾಯಿತು. ಅಲ್ಲಿವರೆಗೆ ಬೋಳುತಲೆ ಬಿಡಿಸಿದ ಎಲ್ಲರ ಚಿತ್ರವೂ ಒಂದೇ ದಿನಕ್ಕೆ ಹಳೆಯದಾಯಿತು.

ಬಣ್ಣ ಹೇಗೆ ಗೊತ್ತಾಗುತ್ತೆ?

ಬಹಳ ಪ್ರಾಣಿಗಳದ್ದು ಗೊತ್ತಾಗುವುದಿಲ್ಲ. ಕೆಲವದ್ದು ನಿಜಕ್ಕೂ ಗೊತ್ತಾಗುತ್ತದೆ. ಗರಿ, ಕೂದಲಲ್ಲಿ ಬಣ್ಣ ತುಂಬಿಕೊಂಡ ತೀರಾ ಸಣ್ಣ ಕಾಳುಗಳಿರುತ್ತವೆ, ಮೆಲನೋಸೋಮ್ ಅಂತ. ಉದ್ದನೆಯವು ಕಪ್ಪು ಬಣ್ಣದವು, ದುಂಡನೆಯವು ಕೆಂಚು. ಚೀನಾದ ಕೆಲವು ಪಳೆಯುಳಿಕೆಗಳಲ್ಲಿ ಇವು ಉಳಿದಿವೆ. 2010ರಲ್ಲಿ ಸೈನೋಸಾರಾಪ್ಟೆರಿಕ್ಸ್ ಎಂಬ ಪುಟ್ಟ ಡೈನೋಸಾರ್ ಬಾಲದಲ್ಲಿ ಕೆಂಚು ಮತ್ತು ಬಿಳಿ ಪಟ್ಟಿ ಇದ್ದವು ಅಂತ ಹೀಗೆಯೇ ತಿಳಿದದ್ದು. ಮೈಕ್ರೋರಾಪ್ಟರ್‌ಗೆ ಕಾಗೆಯಂಥ ಮಿರುಗುವ ಕಪ್ಪು, ಅದು 2012ರಲ್ಲಿ.

ಗೊತ್ತಿಲ್ಲದ ಕಡೆ ಸುತ್ತಲಿನ ಪ್ರಾಣಿಗಳನ್ನು ಕೇಳಿ. ಯಡಹಳ್ಳಿಯ ಚಿಂಕಾರ ಅನ್ನುವ ಜಿಂಕೆ ನೋಡಿದ್ದೀರಾ? ಬೆನ್ನು ಕೆಂಚು ಮಣ್ಣಿನ ಬಣ್ಣ, ಹೊಟ್ಟೆ ಬಿಳಿ. ಬಿಸಿಲು ಮೇಲಿಂದ ಬೀಳುತ್ತದೆ, ನೆರಳು ಹೊಟ್ಟೆಗೆ. ಹೊಟ್ಟೆ ಬಿಳಿ ಇದ್ದರೆ ನೆರಳು ಕರಗಿ ಪ್ರಾಣಿ ಬಯಲಲ್ಲಿ ಮಾಯವಾಗುತ್ತದೆ. ಸಿಟಾಕೋಸಾರಸ್ ಎಂಬ ಡೈನೋಸಾರ್ ಕೂಡ ಇದೇ ಉಪಾಯ ಮಾಡಿತ್ತು. ಆನೆ, ಘೇಂಡಾಮೃಗದಷ್ಟು ದೊಡ್ಡದಾದರೆ ಅಡಗುವ ಗರಜು ಕಡಿಮೆ. ಅಲ್ಲಿ ಬೂದು, ಮಣ್ಣು ಬಣ್ಣ ಸಾಕು. ಇಳಕಲ್ ಸೀರೆಯ ಸೆರಗಿನ ಕೆಂಪು ಹಾಕಿದ ಹುಡುಗಿಗೆ ಯಾಕಮ್ಮ ಅಂತ ಕೇಳಿದೆ. "ಹೆಣ್ಣನ್ನ ಮೆಚ್ಚಿಸಾಕ ಸರ, ನವಿಲು ಮಾಡಂಗಿಲ್ಲೇನ್ರಿ?" ಅಂದಳು. ಕಾರಣ ಇತ್ತು. ಒಪ್ಪಿದೆ.

ಟಿ. ರೆಕ್ಸ್‌ಗೆ ಗರಿ ಇತ್ತಾ?

ಅದರ ಸಂಬಂಧಿ ಯುಟಿರಾನಸ್‌ಗೆ ಇತ್ತು. ಸುಮಾರು 9 ಮೀಟರ್ ಪ್ರಾಣಿ, ಮೈತುಂಬ ಗರಿ. ಆದರೆ ಟಿ. ರೆಕ್ಸಿನ ಕುತ್ತಿಗೆ, ಸೊಂಟ, ಬಾಲದ ಹತ್ತಿರದ ಚರ್ಮದ ಅಚ್ಚುಗಳಲ್ಲಿ ಸಣ್ಣ ಹುರುಪೆ ಮಾತ್ರ ಕಂಡಿವೆ. ಬೆನ್ನ ಮೇಲೆ ಸ್ವಲ್ಪ ಗರಿ ಹಾಕುವುದಾದರೆ ಕೆಂಪು ಪೆನ್ಸಿಲ್. ಅಂಗೈ ಮಾತ್ರ ಕೆಳಮುಖ ಮಾಡಬೇಡಿ. ಚಪ್ಪಾಳೆ ಹೊಡೆಯುವಂತೆ ಎದುರುಬದುರು ಇರಬೇಕು. ಬೆರಳು ಎರಡೇ.

ಹಿಂದುಗಡೆ ಯಾವ ಗಿಡಮರ ಹಾಕಬೇಕು?

ಪ್ರಾಣಿಗೆ ಒಂದು ವಾರ ಕೊಟ್ಟು ಗಿಡಕ್ಕೆ ಐದು ನಿಮಿಷ ಕೊಡುತ್ತೇವೆ. ಅಲ್ಲೇ ಎಡವುವುದು. ತೆಲಂಗಾಣದ ಗೋದಾವರಿ ಕಣಿವೆಯಲ್ಲಿ ಸಿಕ್ಕ ಬಾರಪಾಸಾರಸ್ ಎಂಬ ಡೈನೋಸಾರ್ ಜುರಾಸಿಕ್ ಕಾಲದ್ದು. ಅದರ ಸುತ್ತ ಜರೀಗಿಡ, ಈಚಲು ಮರದಂತೆ ಕಾಣುವ ಸೈಕಾಡ್, ಸೂಚಿಪರ್ಣಿ ಮರ ಇರಲಿ. ಹುಲ್ಲು ಬೇಡ, ಹೂವೂ ಬೇಡ.

ಡೈನೋಸಾರ್ ಕಾಲದಲ್ಲಿ ಹುಲ್ಲೇ ಇರಲಿಲ್ಲ ಅಂತ ಬಹಳ ವರ್ಷ ನಂಬಿದ್ದರು. ಆ ನಂಬಿಕೆ ಮುರಿದದ್ದು ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ. ಚಂದ್ರಾಪುರ ಜಿಲ್ಲೆಯ ಪಿಸ್ದುರಾದಲ್ಲಿ ಡೈನೋಸಾರ್ ಸಗಣಿಯ ಪಳೆಯುಳಿಕೆ ಸಿಕ್ಕಿತು. ಅದರೊಳಗೆ ಹುಲ್ಲಿನ ಗಾಜಿನಂಥ ಕಣಗಳು ಇವೆ ಅಂತ 2005ರಲ್ಲಿ ಪ್ರಕಟವಾಯಿತು. ಹಾಗಾಗಿ ನಮ್ಮ ಕೊನೆಗಾಲದ ಡೈನೋಸಾರ್‌ಗಳ ಕಾಲಡಿ ಅಲ್ಲಲ್ಲಿ ಹುಲ್ಲು ಹಾಕಬಹುದು. ಬಯಲು ತುಂಬ ಹುಲ್ಲುಗಾವಲು ಮಾಡಬೇಡಿ, ಅವು ಬಂದದ್ದು ಬಹಳ ತಡವಾಗಿ. ತಾಳೆ ಜಾತಿಯ ಮರ ಧಾರಾಳವಾಗಿ ಹಾಕಿ. ಲಾವಾ ಪದರಗಳ ನಡುವೆ ಅವುಗಳ ಕಲ್ಲಾದ ಕಾಂಡ ಬೇಕಾದಷ್ಟು ಸಿಕ್ಕಿವೆ.

ಗೋಕಾಕದ ಘೇಂಡಾಮೃಗದ ಹಿಂದೆ ಬಳ್ಳಾರಿ ಜಾಲಿ ಹಾಕುವವರಿಗೆ ನನ್ನಲ್ಲಿ ದಂಡ ಇದೆ, ಎರಡು ಬಟರ್ ಪೇಪರ್. ಹೊರಗೆ ನೋಡಿದರೆ ಎಲ್ಲೆಲ್ಲೂ ಅದೇ ಕಾಣುತ್ತದೆ, ಮಕ್ಕಳ ತಪ್ಪಲ್ಲ. ಆದರೆ ಅದು ಅಮೆರಿಕ ಖಂಡದ ಗಿಡ, ಇಲ್ಲಿಗೆ ಬಂದದ್ದು 19ನೇ ಶತಮಾನದಲ್ಲಿ. ನೀಲಗಿರಿ, ಲಂಟಾನಕ್ಕೂ ಅದೇ ದಂಡ.

ಡೈನೋಸಾರ್ ಹಿಂದೆ ಜ್ವಾಲಾಮುಖಿ ಬೆಟ್ಟ ಹಾಕಲಾ?

ಕ್ಯಾಲೆಂಡರ್ ಚಿತ್ರದಲ್ಲಿ ಅದಿಲ್ಲದೆ ಆಗುವುದೇ ಇಲ್ಲ ನೋಡಿ. ಆದರೆ ದಖ್ಖನ್ನಿನ ಲಾವಾ ಬಹುಪಾಲು ಚೂಪು ಬೆಟ್ಟದ ಬಾಯಿಂದ ಚಿಮ್ಮಿದ್ದಲ್ಲ. ನೆಲ ಉದ್ದಕ್ಕೆ ಬಿರಿದು, ದೋಸೆ ಹಿಟ್ಟಿನಂತೆ ಹರಡಿಕೊಂಡು ಬಂದದ್ದು. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಎಷ್ಟೋ ಕಾಲ ಸುಮ್ಮನಿರುತ್ತಿತ್ತು. ಕೆರೆ ತುಂಬುತ್ತಿದ್ದವು, ಬಸವನಹುಳು, ಕಪ್ಪೆ, ಗಿಡ ಎಲ್ಲ ಬರುತ್ತಿದ್ದವು. ಆ ಕೆರೆಗಳ ಕೆಸರು ಇವತ್ತಿಗೂ ಲಾವಾ ಪದರಗಳ ನಡುವೆ ತೆಳುವಾಗಿ ಸಿಗುತ್ತದೆ. ನಾನಾದರೆ ಬೆಂಕಿ ಬಿಟ್ಟು ಆ ಕೆರೆಯನ್ನೇ ಬಿಡಿಸುತ್ತೇನೆ.

ಇನ್ನೊಂದು ಮಾತು, ನೆರಳು ಹಾಕುವವರಿಗೆ. ಆಗ ಭಾರತ ಏಷ್ಯಾಕ್ಕೆ ಅಂಟಿರಲಿಲ್ಲ. ನಮ್ಮ ಈ ಭಾಗ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು. ಈಗ ನಮಗೆ ವರ್ಷದ ಹೆಚ್ಚಿನ ದಿನ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಉತ್ತರಕ್ಕೆ. ನೆರಳು ತಿರುಗಿಸಿ. ಯಾರೂ ಗಮನಿಸುವುದಿಲ್ಲ, ನಿಮಗೆ ಗೊತ್ತಿದ್ದರೆ ಸಾಕು.

ಬಾದಾಮಿ ಕಲ್ಲಿನ ಕಾಲ ಬಿಡಿಸಬಹುದಾ? ಪ್ರಾಣಿಯೇ ಇಲ್ಲವಲ್ಲ?

ಬಿಡಿಸಬಹುದು, ಮತ್ತು ಬಿಡಿಸಲು ಅದೇ ಎಲ್ಲಕ್ಕಿಂತ ಕಷ್ಟ. ಗುಹೆಗಳ ಹತ್ತಿರದ ಬಂಡೆಯನ್ನು ಸಂಜೆಯ ಓರೆ ಬಿಸಿಲಲ್ಲಿ ನೋಡಿ. ಮರಳು ಓರೆಯಾಗಿ ಪದರ ಪದರ ಕೂತಿರುವುದು, ಕೆಲವು ಕಡೆ ನೀರಿನ ಅಲೆಯ ಸುಕ್ಕು, ಎರಡೂ ಕಾಣುತ್ತವೆ. ಮೂರನೆಯ ಗುಹೆಯನ್ನು ಕ್ರಿ.ಶ. 578ರಲ್ಲಿ ಚಾಲುಕ್ಯರು ಕಡೆದದ್ದು ಇಂಥ ಹಳೆಯ ಹೊಳೆಗಳ ಮರಳಿನೊಳಗೆ. ದಂಡೆ ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲ. ಹಿಡಿದಿಡುವ ಬೇರಿಲ್ಲದ ಕಾರಣ ಹೊಳೆ ನಾಲ್ಕಾರು ಕವಲಾಗಿ ಚದುರಿ ಹರಿಯುತ್ತದೆ. ಆಕಾಶದಲ್ಲಿ ಹಕ್ಕಿಯಿಲ್ಲ, ಕಿವಿಗೆ ಹುಳದ ಸದ್ದೂ ಇಲ್ಲ. ದಿನ 24 ಗಂಟೆಗಿಂತ ಚಿಕ್ಕದು, ಚಂದ್ರ ಈಗಿಗಿಂತ ಹತ್ತಿರ.

ಅದಕ್ಕೂ ಹಿಂದಿನ ಕಲಾದಗಿಯ ಸಮುದ್ರದಲ್ಲಿ ಜೀವ ಇತ್ತು, ಕಣ್ಣಿಗೆ ಕಾಣದಷ್ಟು ಸಣ್ಣದು. ಅಂಟಂಟು ಪಾಚಿಯಂಥ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿ ಗುಡ್ಡೆಗಳಾದವು. ಅವಕ್ಕೆ ಸ್ಟ್ರೊಮಾಟೊಲೈಟ್ ಅನ್ನುತ್ತಾರೆ. ಬಾಗಲಕೋಟೆ ಜಿಲ್ಲೆಯ ಸುಣ್ಣದ ಕಲ್ಲುಗಳಲ್ಲಿ ಅವು ಇವೆ. ಅಡ್ಡ ಕತ್ತರಿಸಿದ ಈರುಳ್ಳಿಯಂತೆ ಕಾಣುತ್ತವೆ. ಬದುಕಿರುವ ನೆಂಟರು ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿದ್ದಾರೆ. ಹುಡುಗರಿಗೆ ಈ ಚಿತ್ರ ಹಿಡಿಸುವುದಿಲ್ಲ, "ಇದರಾಗ ಏನೈತ್ರಿ ಸರ" ಅನ್ನುತ್ತಾರೆ. ನನ್ನ ಮನೆಯ ನಡುಮನೆಯಲ್ಲಿ ಇರುವುದು ಮಾತ್ರ ಇದೇ.

ಎಷ್ಟು ದೊಡ್ಡದಿತ್ತು ಅಂತ ತೋರಿಸೋದು ಹೇಗೆ?

ಪಕ್ಕದಲ್ಲಿ ಗೊತ್ತಿರುವ ವಸ್ತು ಇಡಿ. ಬಾರಪಾಸಾರಸ್ ಸುಮಾರು 14 ಮೀಟರ್, ನಮ್ಮ ಕೆಂಪು ಬಸ್ಸಿಗಿಂತ ಉದ್ದ. ಅರ್ಜೆಂಟೀನಾದ ದೈತ್ಯ ಡೈನೋಸಾರ್ ಪೆಟಗೋಟೈಟನ್‌ಗೆ ಮೊದಲು 37 ಮೀಟರ್ ಅಂದಿದ್ದರು, ಆಮೇಲೆ 31ರ ಹತ್ತಿರ ಇಳಿಸಿದರು. ಗೋಳಗುಮ್ಮಟದ ಗುಮ್ಮಟ ಒಳಗಡೆ ಸುಮಾರು 38 ಮೀಟರ್ ಅಗಲ. ಅಂದರೆ ಎರಡೂ ಲೆಕ್ಕದಲ್ಲಿ ಅದು ಒಳಗೆ ಹಿಡಿಸುತ್ತದೆ. ಒಮ್ಮೆ ಕೂಗಿದರೆ ಎಷ್ಟು ಸಲ ಮರುದನಿ ಬರುತ್ತಿತ್ತೋ!

ಮನೆಯ ಹಾಸುಗಲ್ಲಿನಲ್ಲಿ ಜರೀಗಿಡದ ಪಳೆಯುಳಿಕೆ ಇದೆ. ನೋಡ್ತೀರಾ?

ಅದು ಗಿಡ ಅಲ್ಲ. ಕಲ್ಲಿನ ಬಿರುಕಿನಲ್ಲಿ ಮ್ಯಾಂಗನೀಸ್ ಖನಿಜ ಇಳಿದು ಕವಲೊಡೆದದ್ದು. ಚೆಂದ ಇದೆ, ಒರೆಸಿ ಇಟ್ಟುಕೊಳ್ಳಿ.

ಯಾವ ಸಾಮಾನು ಬೇಕು? ಖರ್ಚು ಜಾಸ್ತಿನಾ?

ಮೂರು ಪೆನ್ಸಿಲ್, ರಬ್ಬರ್, ಬಟರ್ ಪೇಪರ್, ಪೋಸ್ಟರ್ ಕಲರ್. ಖಡೇಬಜಾರಿನ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಗಣಪತಿ ಹಬ್ಬ ಮುಗಿದ ಮೇಲೆ ಮೂರ್ತಿ ಮಾಡುವವರ ಹತ್ತಿರ ಉಳಿದ ಶಾಡೂ ಮಣ್ಣು ಕೇಳಿ ತರುತ್ತೇನೆ. ಅದರಲ್ಲಿ ಪ್ರಾಣಿಯ ಪುಟ್ಟ ಗೊಂಬೆ ಮಾಡಿ, ಬಿಸಿಲಿಗಿಟ್ಟು, ನೆರಳು ಎಲ್ಲಿ ಬೀಳುತ್ತದೆ ನೋಡಿ ಬಿಡಿಸುತ್ತೇವೆ. ಎಲ್ಲ ಸಾಮಾನಿಗಿಂತ ಇದೇ ಹೆಚ್ಚು ಕಲಿಸುತ್ತದೆ.

ಈಗ ಎಐ ಒಂದು ನಿಮಿಷದಲ್ಲಿ ಬಿಡಿಸಿ ಕೊಡುತ್ತಲ್ಲ?

ಕೊಡುತ್ತದೆ. ಟಿ. ರೆಕ್ಸಿಗೆ ಮೂರು ಬೆರಳು, ಹಿಂದೆ ಜ್ವಾಲಾಮುಖಿ, ಕಾಲಡಿ ಗಾಲ್ಫ್ ಮೈದಾನದಂಥ ಹುಲ್ಲು. ಯಾವ ಗೆರೆ ಕಪ್ಪು, ಯಾವುದು ಕೆಂಪು ಅಂತ ಆ ಚಿತ್ರದಲ್ಲಿ ಗುರುತಿರುವುದಿಲ್ಲ.

ನೀವು ತಪ್ಪು ಮಾಡಿದ್ದೀರಾ?

ಮಾಡಿದ್ದೀನಿ, ಅದೂ ಗೋಡೆಯಷ್ಟು ದೊಡ್ಡದು. ವರ್ಷಗಳ ಹಿಂದೆ ಒಂದು ಶಾಲೆಯವರು ಕಾಂಪೌಂಡಿಗೆ ಚಿತ್ರ ಬರೆಸಿದರು. ಬಾದಾಮಿ ಗುಹೆ ಇರಬೇಕು, ಮುಂದೆ ಟಿ. ರೆಕ್ಸ್ ಇರಬೇಕು. "ಹಲ್ಲು ಇನ್ನೊಂದಿಷ್ಟು ಜಾಸ್ತಿ ಮಾಡ್ರಿ" ಅಂದರು. ದುಡ್ಡಿನ ಗರಜು ಇತ್ತು, ಮಾಡಿದೆ. ಬಣ್ಣ ಆರುವ ಮೊದಲೇ ನಾಲ್ಕನೇ ಇಯತ್ತೆಯ ಹುಡುಗಿ ಬಂದು ಕೇಳಿದಳು, "ಸರ, ಗುಡಿ ಕಟ್ಟೋರನ್ನ ಅದು ತಿನ್ನಲಿಲ್ಲೇನ್ರಿ?" ಉತ್ತರ ಇರಲಿಲ್ಲ. ಮೂರು ಪೆನ್ಸಿಲ್ ಕಾನೂನು ಹುಟ್ಟಿದ್ದು ಆ ವಾರ.

ಸಮಾಧಾನ ಬೇಕಾದಾಗ ಇಗ್ವಾನೊಡಾನ್ ಎಂಬ ಡೈನೋಸಾರ್ ಕಥೆ ನೆನೆಸಿಕೊಳ್ಳುತ್ತೇನೆ. 1854ರಲ್ಲಿ ಲಂಡನ್ನಿನಲ್ಲಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಮಾಡಿದ ಅದರ ಮೂರ್ತಿಗಳಲ್ಲಿ ಮೂಗಿನ ಮೇಲೆ ಕೊಂಬಿತ್ತು. 1878ರಲ್ಲಿ ಬೆಲ್ಜಿಯಂನ ಕಲ್ಲಿದ್ದಲು ಗಣಿಯಲ್ಲಿ ಪೂರ್ತಿ ಅಸ್ಥಿಪಂಜರಗಳು ಸಿಕ್ಕವು. ನೋಡಿದರೆ ಅದು ಕೊಂಬಲ್ಲ, ಹೆಬ್ಬೆರಳಿನ ಮುಳ್ಳು! ಮೂರ್ತಿಗಳನ್ನು ಯಾರೂ ಒಡೆಯಲಿಲ್ಲ. ಈಗಲೂ ಮೂಗಿನ ಮೇಲೆ ಹೆಬ್ಬೆರಳು ಹೊತ್ತು ನಿಂತಿವೆ.

ನೋಡಿ ಕಲಿಯಲು ಎಲ್ಲಿಗೆ ಹೋಗಬೇಕು?

ಹೈದರಾಬಾದಿನ ಬಿರ್ಲಾ ವಿಜ್ಞಾನ ಸಂಗ್ರಹಾಲಯದಲ್ಲಿ ಕೋಟಾಸಾರಸ್ ಎಂಬ ಡೈನೋಸಾರ್ ಅಸ್ಥಿಪಂಜರ ನಿಲ್ಲಿಸಿದ್ದಾರೆ. ರಾತ್ರಿ ಬಸ್ಸಿಗೆ ಹೋದರೆ ಬೆಳಿಗ್ಗೆ ಅಲ್ಲಿರಬಹುದು. ಹತ್ತಿರ ಅಂದರೆ ಬಾದಾಮಿ ಹತ್ತಿರದ ಸಿಡ್ಲಫಡಿ. ಕಲ್ಲಾಸರೆಯ ಒಳಗೆ ಆದಿಮಾನವರು ಬಿಡಿಸಿದ ಪ್ರಾಣಿ, ಮನುಷ್ಯರ ಚಿತ್ರಗಳಿವೆ. ಬಿಡಿಸಿದವರು ಆ ಪ್ರಾಣಿಗಳನ್ನು ಕಣ್ಣಾರೆ ನೋಡಿದ್ದರು. ನನಗೆ ಅವರ ಮೇಲೆ ಹೊಟ್ಟೆಕಿಚ್ಚು. ದಯವಿಟ್ಟು ಮುಟ್ಟಬೇಡಿ, ನೀರು ಚಿಮುಕಿಸಿ ಫೋಟೋ ತೆಗೆಯಬೇಡಿ.

ಹೊಳೆ ದಂಡೆಯಲ್ಲಿ ಕಲ್ಲಿನಂಥ ಮೂಳೆ ಸಿಕ್ಕರೆ?

ಕೀಳಬೇಡಿ. ಕಿತ್ತ ಕ್ಷಣಕ್ಕೆ ಅದು ಯಾವ ಪದರದ್ದು ಅನ್ನುವ ಅರ್ಧ ಕಥೆ ಹೋಗುತ್ತದೆ. ಪಕ್ಕದಲ್ಲಿ ಪೆನ್ನೋ ನಾಣ್ಯವೋ ಇಟ್ಟು ಹತ್ತಿರದಿಂದ ಒಂದು, ಇಡೀ ದಂಡೆ ಕಾಣುವಂತೆ ಒಂದು ಫೋಟೋ ತೆಗೆಯಿರಿ. ಮೊಬೈಲಿನಲ್ಲಿ ಲೊಕೇಶನ್ ಗುರುತಿಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗ ಇದೆ, ಅಲ್ಲಿಗೆ ತೋರಿಸಿ.

ಕೊನೆಗೆ ಆ ಘೇಂಡಾಮೃಗಕ್ಕೆ ಎಷ್ಟುದ್ದ ಕೊಂಬು ಹಾಕಿದಿರಿ?

ಘೇಂಡಾಮೃಗದ ಕೊಂಬು ಎತ್ತಿನ ಕೊಂಬಿನಂತಲ್ಲ. ಎತ್ತಿನ ಕೊಂಬಿನೊಳಗೆ ಮೂಳೆ ಇದೆ. ಇದರಲ್ಲಿ ಇಲ್ಲ. ನಮ್ಮ ಉಗುರಿನ ವಸ್ತುವೇ ಒತ್ತೊತ್ತಾಗಿ ಬೆಳೆದದ್ದು. ಮಣ್ಣಲ್ಲಿ ಕೊಳೆತುಹೋಗುತ್ತದೆ. ಕೊಂಬು ಕೂತಿದ್ದ ಕಡೆ ಮೂಗಿನ ಮೂಳೆ ಒರಟಾಗಿರುತ್ತದೆ. ಅದರಿಂದ ಕೊಂಬು ಎಲ್ಲಿತ್ತು ಅಂತ ಹೇಳಬಹುದು. ಎಷ್ಟುದ್ದ, ಹೇಗೆ ಬಾಗಿತ್ತು ಅಂತ ಮೂಳೆ ಹೇಳುವುದಿಲ್ಲ. ಜಾವಾ ಘೇಂಡಾಮೃಗದ ಹೆಣ್ಣಿಗೆ ಕೆಲವೊಮ್ಮೆ ಒಂದು ಗುಬ್ಬಿ ಬಿಟ್ಟರೆ ಕೊಂಬೇ ಇರುವುದಿಲ್ಲ.

ಹಾಗಾಗಿ ಎರಡು ಬಿಡಿಸಿದ್ದೇನೆ. ಒಂದಕ್ಕೆ ಗೇಣುದ್ದ, ಇನ್ನೊಂದಕ್ಕೆ ಮೊಳದುದ್ದ. ಎರಡೂ ಕೊಂಬು ಕೆಂಪು ಪೆನ್ಸಿಲಿನಲ್ಲಿ. ಮಾಳಿಗೆಯ ಗೋಡೆಗೆ ಅಕ್ಕಪಕ್ಕ ಹಾಕಿದ್ದೇನೆ. ಪ್ರತಿ ಭಾನುವಾರ ಮಕ್ಕಳು ಅದರ ಕೆಳಗೆ ನಿಂತು ಜಗಳ ಆಡುತ್ತಾರೆ.